ಒಂದೂ ಏಕದಿನ ಪಂದ್ಯ ಆಡದ ಬ್ರಾಡ್ಮನ್

ಕಳೆದ ಈದ್ ರಜೆಯಲ್ಲಿ ಮನೆಗೆ ಬಂದಿದ್ದ ಮಾಮು ನನಗೊಂದು ಪ್ರಶ್ನೆ ಹಾಕಿದರು. ಡಾನ್ ಬ್ರಾಡ್ಮನ್ ಏಕದಿನ ಪಂದ್ಯಗಳಲ್ಲಿ ಒಟ್ಟು ಎಷ್ಟು ರನ್ ಹೊಡೆದಿದ್ದಾರೆ ಎಂದು. ನಾನು ಯೋಚಿಸದೆ ಎಂಟು ಸಾವಿರ ಇರಬಹುದು ಎಂದೆ. ಮನೆಯವರೆಲ್ಲ ನಕ್ಕರು, ಅಡುಗೆಮನೆಯಿಂದ ಅಮ್ಮಿ ಕೂಡ. ಬ್ರಾಡ್ಮನ್ ಟೆಸ್ಟ್ ಆಟ ನಿಲ್ಲಿಸಿದ್ದು 1948ರಲ್ಲಿ. ಮೊದಲ ಅಂತರರಾಷ್ಟ್ರೀಯ ಏಕದಿನ ಪಂದ್ಯ ನಡೆದದ್ದು 1971ರಲ್ಲಿ. ಹೀಗೆ ನಾಚಿಕೆಯಿಂದ ಶುರುವಾದ ಓದು ಇದು. ಓದುತ್ತಾ ಹೋದಾಗ ತಿಳಿಯಿತು, ಆ ಮೊದಲ ಪಂದ್ಯದಲ್ಲಿ ಬ್ರಾಡ್ಮನ್ ಬ್ಯಾಟ್ ಹಿಡಿಯದಿದ್ದರೂ ಅದನ್ನು ಆಡಿಸಿದವರಲ್ಲಿ ಅವರೂ ಒಬ್ಬರು.

ಅವರು ಹುಟ್ಟಿದ್ದು 1908ರ ಆಗಸ್ಟ್ 27ರಂದು, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಕೂಟಮಂಡ್ರಾದಲ್ಲಿ. ಬೆಳೆದದ್ದು ಬೌರಲ್ ಎಂಬ ಚಿಕ್ಕ ಊರಿನಲ್ಲಿ. ಮನೆಯ ನೀರಿನ ಟ್ಯಾಂಕಿನ ಇಟ್ಟಿಗೆ ಕಟ್ಟೆಗೆ ಗಾಲ್ಫ್ ಚೆಂಡು ಎಸೆದು, ಅದು ತಿರುಗಿ ಬಂದಾಗ ಬ್ಯಾಟಿನ ಬದಲು ಸ್ಟಂಪಿನಿಂದ ಹೊಡೆಯುತ್ತಿದ್ದರು. ಹದಿನಾಲ್ಕನೇ ವಯಸ್ಸಿಗೆ ಶಾಲೆ ಬಿಟ್ಟು, ಜಮೀನು-ಮನೆ ಮಾರಿಸುವ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು. 1928ರಲ್ಲಿ ಮೊದಲ ಟೆಸ್ಟ್ ಆಡಿದರು. ಮುಂದಿನ ಟೆಸ್ಟಿಗೇ ಅವರನ್ನು ತಂಡದಿಂದ ಕೈಬಿಟ್ಟರು! ಎರಡು ವರ್ಷದ ನಂತರ ಲೀಡ್ಸ್‌ನಲ್ಲಿ ಒಂದೇ ದಿನ 309 ರನ್ ಹೊಡೆದರು. ಆ ಸರಣಿಯ ಅವರ 974 ರನ್‌ಗಳ ದಾಖಲೆ ಇವತ್ತಿಗೂ ಹಾಗೇ ಇದೆ.

ಸಂಖ್ಯಾಶಾಸ್ತ್ರ ಓದುವವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಬ್ರಾಡ್ಮನ್ 80 ಇನಿಂಗ್ಸ್ ಆಡಿ 10 ಬಾರಿ ಅಜೇಯರಾಗಿ ಉಳಿದರು. ಒಟ್ಟು 6996 ರನ್. ಅದನ್ನು 70ರಿಂದ ಭಾಗಿಸಿದರೆ 99.94. 1948ರ ಆಗಸ್ಟ್ 14ರಂದು ಓವಲ್ ಮೈದಾನದಲ್ಲಿ ಕೊನೆಯ ಸಲ ಬ್ಯಾಟಿಂಗ್‌ಗೆ ಇಳಿದಾಗ ಅವರ ಸರಾಸರಿ 101.39 ಇತ್ತು. ನಾಲ್ಕು ರನ್ ಹೊಡೆದು ಔಟಾಗಿದ್ದರೂ ಸರಿಯಾಗಿ ನೂರು ಆಗುತ್ತಿತ್ತು. ಎರಿಕ್ ಹಾಲಿಸ್ ಎಸೆದ ಎರಡನೇ ಚೆಂಡಿಗೆ ಸೊನ್ನೆಗೆ ಬೌಲ್ಡ್ ಆದರು. ಇಂಗ್ಲೆಂಡ್ ಮೊದಲ ಇನಿಂಗ್ಸ್‌ನಲ್ಲಿ 52ಕ್ಕೇ ಕುಸಿದು ಇನಿಂಗ್ಸ್ ಸೋಲು ಕಂಡಿದ್ದರಿಂದ ಎರಡನೇ ಅವಕಾಶವೂ ಸಿಗಲಿಲ್ಲ.

ಎಲ್ಲರಿಗೂ ಗೊತ್ತಿರುವ ಬ್ರಾಡ್ಮನ್ ಇಲ್ಲಿಗೆ ಮುಗಿಯುತ್ತಾರೆ. ನನ್ನಂಥ ಕಾಮರ್ಸ್ ವಿದ್ಯಾರ್ಥಿಗೆ ಇನ್ನೊಬ್ಬ ಬ್ರಾಡ್ಮನ್ ಹೆಚ್ಚು ಹಿಡಿಸಿದರು. ಆಗ ಕ್ರಿಕೆಟ್‌ನಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಅವರು ಅಡಿಲೇಡ್‌ಗೆ ಹೋಗಿ ಷೇರು ದಲ್ಲಾಳಿಯಾದರು. ಅವರಿದ್ದ ಸಂಸ್ಥೆ 1945ರಲ್ಲಿ ದಿವಾಳಿಯಾದಾಗ ಸ್ವಂತ ಸಂಸ್ಥೆ ತೆರೆದರು. ಅದಕ್ಕೂ ಮೊದಲು, ಆಟಗಾರನಾಗಿದ್ದಾಗಲೇ, ಹಣದ ವಿಷಯದಲ್ಲಿ ಕ್ರಿಕೆಟ್ ಮಂಡಳಿಯೊಂದಿಗೆ ಜಗಳವಾಗಿತ್ತು. 1930ರ ಪ್ರವಾಸದ ವೇಳೆ ಅವರ ಪುಸ್ತಕ ಪತ್ರಿಕೆಯಲ್ಲಿ ಬಂದದ್ದಕ್ಕೆ ಮಂಡಳಿ 50 ಪೌಂಡ್ ಹಿಡಿದುಕೊಂಡಿತು. 1932ರಲ್ಲಿ, ಆಡುತ್ತಾ ಪತ್ರಿಕೆಗೆ ಬರೆಯಬಾರದು ಎಂದಿತು. ಒಪ್ಪಂದಕ್ಕೆ ಸಹಿ ಹಾಕಿದ್ದೇನೆ, ಮಾತು ಮುರಿಯುವುದಿಲ್ಲ, ಬೇಕಾದರೆ ಆಟ ಬಿಡುತ್ತೇನೆ ಎಂಬ ನಿಲುವು ಅವರದು. ಕೊನೆಗೆ ಪತ್ರಿಕೆಯವರೇ ಅವರನ್ನು ಬರೆಯುವ ಹೊಣೆಯಿಂದ ಬಿಡುಗಡೆ ಮಾಡಿದರು.

ಈಗ 1970ರ ಡಿಸೆಂಬರ್ 31ಕ್ಕೆ ಬರೋಣ. ಬ್ರಾಡ್ಮನ್ ಅದೇ ಮಂಡಳಿಯ ಅಧ್ಯಕ್ಷರು. ಮೆಲ್ಬರ್ನ್‌ನಲ್ಲಿ ಇಂಗ್ಲೆಂಡ್ ವಿರುದ್ಧದ ಮೂರನೇ ಟೆಸ್ಟ್ ಶುರುವಾಗಬೇಕಿತ್ತು. ಮಳೆ ಬಿಡಲಿಲ್ಲ, ಒಂದು ಎಸೆತವೂ ಬೀಳಲಿಲ್ಲ, ಮೂರನೇ ದಿನ ಪಂದ್ಯ ರದ್ದಾಯಿತು. ಮಂಡಳಿಗೆ ದೊಡ್ಡ ನಷ್ಟ. ಎರಡೂ ಕಡೆಯ ಅಧಿಕಾರಿಗಳು ಕೂತು ಮಾತಾಡಿ, ಸರಣಿಗೆ ಇನ್ನೊಂದು ಟೆಸ್ಟ್ ಸೇರಿಸಿದರು. ಜೊತೆಗೆ ಜನವರಿ 5ರಂದು ಒಂದು ದಿನದ ಪಂದ್ಯ ಇಟ್ಟರು. ಇಂಗ್ಲೆಂಡಿನ ಕೌಂಟಿ ತಂಡಗಳು 1963ರಿಂದಲೇ ಇಂಥ ಪಂದ್ಯ ಆಡುತ್ತಿದ್ದವು, ದೇಶ ದೇಶಗಳ ನಡುವೆ ಮಾತ್ರ ಇರಲಿಲ್ಲ. ಅಂದು 46,006 ಜನ ಬಂದರು. ಇಂಗ್ಲೆಂಡ್ 190, ಅದರಲ್ಲಿ ಜಾನ್ ಎಡ್ರಿಚ್ 82. ಆಸ್ಟ್ರೇಲಿಯಾ ಐದು ವಿಕೆಟ್‌ಗಳಿಂದ ಗೆದ್ದಿತು, ಇಯಾನ್ ಚಾಪೆಲ್ 60. ಇವತ್ತು ನಾವು ಬಾಯಿಪಾಠ ಮಾಡುವ ಏಕದಿನ ದಾಖಲೆಗಳ ಪುಸ್ತಕದ ಮೊದಲ ಪುಟ ಇದು. ನಷ್ಟ ತುಂಬಿಕೊಳ್ಳಲು ಬರೆದ ಪುಟ.

ಆ ಇಂಗ್ಲೆಂಡ್ ತಂಡದಲ್ಲಿ ಬೇಸಿಲ್ ಡಿ'ಒಲಿವೇರಾ ಇದ್ದರು. ಬಿಳಿಯರಲ್ಲ ಎಂಬ ಕಾರಣಕ್ಕೆ ಹುಟ್ಟಿದ ದೇಶವಾದ ದಕ್ಷಿಣ ಆಫ್ರಿಕಾದ ಪರ ಆಡಲಾಗದೆ ಇಂಗ್ಲೆಂಡಿಗೆ ಹೋದವರು. ಅದೇ 1971ರಲ್ಲಿ ದಕ್ಷಿಣ ಆಫ್ರಿಕಾದ ಬಿಳಿಯರ ತಂಡ ಆಸ್ಟ್ರೇಲಿಯಾಕ್ಕೆ ಬರುವುದಿತ್ತು. ಬ್ರಾಡ್ಮನ್ ಮೊದಲು ಪ್ರವಾಸದ ಪರವಾಗಿಯೇ ಇದ್ದರು. ಪ್ರತಿಭಟನೆಯ ಮುಂದಾಳುಗಳಲ್ಲಿ ಒಬ್ಬರಾದ ಮೆರಿಡಿತ್ ಬರ್ಗ್‌ಮನ್ ಎಂಬ ವಿದ್ಯಾರ್ಥಿನಿಯೊಂದಿಗೆ ಪತ್ರಗಳಲ್ಲಿ ವಾದ ಮಾಡಿದರು. ದಕ್ಷಿಣ ಆಫ್ರಿಕಾದ ಪ್ರಧಾನಿಯನ್ನೂ ಭೇಟಿಯಾದರು. ಸೆಪ್ಟೆಂಬರ್‌ನಲ್ಲಿ ಪ್ರವಾಸ ರದ್ದು ಮಾಡಿದರು. ಬಣ್ಣ ನೋಡದೆ ತಂಡ ಆರಿಸುವವರೆಗೆ ಅವರೊಂದಿಗೆ ಆಟವಿಲ್ಲ ಎಂದು ತಿಳಿಸಿದರು. 6996 ರನ್ ಹೊಡೆದ ವ್ಯಕ್ತಿ ಅರವತ್ತು ದಾಟಿದ ಮೇಲೆ ಒಬ್ಬ ವಿದ್ಯಾರ್ಥಿನಿಯ ಮಾತು ಕೇಳಿಸಿಕೊಂಡರಲ್ಲ, ನನಗೆ ಅದು 309ಕ್ಕಿಂತ ದೊಡ್ಡದಾಗಿ ಕಂಡಿತು.

ಆದರೆ ಹಣದ ವಿಷಯದಲ್ಲಿ ಅವರನ್ನು ನಾನು ಒಪ್ಪಲಾರೆ. ಮೈದಾನ ತುಂಬುತ್ತಿತ್ತು, ಆಟಗಾರರಿಗೆ ಸಿಗುತ್ತಿದ್ದದ್ದು ಅಲ್ಪ. ಮುಂದೆ ನಾಯಕರಾದ ಚಾಪೆಲ್ ಸಂಭಾವನೆ ಹೆಚ್ಚಿಸಿ ಎಂದು ಮಂಡಳಿಯ ಮುಂದೆ ಹೋದಾಗ ಅಡ್ಡ ಬಂದವರು ಬ್ರಾಡ್ಮನ್ ಎಂದು ಚಾಪೆಲ್ ದೂರಿದ್ದಾರೆ. ಒಂದು ಕಾಲಕ್ಕೆ ತಾನೇ ಮಂಡಳಿಯೊಂದಿಗೆ ಸೆಣಸಿದ್ದನ್ನು ಅವರು ಹೇಗೆ ಮರೆತರೋ! 1977ರಲ್ಲಿ ಟಿವಿ ವ್ಯಾಪಾರಿ ಕೆರ್ರಿ ಪ್ಯಾಕರ್ ಹೆಚ್ಚು ಹಣ ಕೊಟ್ಟು ಆಟಗಾರರನ್ನು ಸಾಲಾಗಿ ಕರೆದೊಯ್ದರು. ಅಲ್ಲಿನ ಆಸ್ಟ್ರೇಲಿಯಾ ತಂಡದ ನಾಯಕ ಇದೇ ಚಾಪೆಲ್. ರಾತ್ರಿ ದೀಪ, ಬಿಳಿ ಚೆಂಡು, ಬಣ್ಣದ ಬಟ್ಟೆ ಎಲ್ಲ ಏಕದಿನ ಆಟಕ್ಕೆ ಅಂಟಿಕೊಂಡದ್ದು ಆ ಜಗಳದಿಂದಲೇ.

ಬ್ರಾಡ್ಮನ್ 2001ರ ಫೆಬ್ರವರಿ 25ರಂದು, 92ನೇ ವಯಸ್ಸಿನಲ್ಲಿ ತೀರಿಕೊಂಡರು.

ಮುಂದಿನ ಈದ್‌ಗೆ ಮಾಮುಗೆ ನನ್ನ ಪ್ರಶ್ನೆ ಸಿದ್ಧವಾಗಿದೆ. ಮೊದಲ ಏಕದಿನ ಪಂದ್ಯದಲ್ಲಿ ಒಂದು ತಂಡಕ್ಕೆ ಎಷ್ಟು ಎಸೆತ? ಅವರು ಖಂಡಿತ 300 ಎನ್ನುತ್ತಾರೆ. ಅಂದು ಇದ್ದದ್ದು 40 ಓವರ್, ಆಗಿನ ಆಸ್ಟ್ರೇಲಿಯಾದಲ್ಲಿ ಓವರಿಗೆ ಎಂಟು ಎಸೆತ.