ಅಕ್ಷರಶಿಲ್ಪಿ ಡ್ವಿಗ್ಗಿನ್ಸ್
ನಾನಿರುವ ಮ್ಯಾಸಚೂಸೆಟ್ಸ್ ರಾಜ್ಯದ ಹಿಂಗ್‌ಹ್ಯಾಮ್ ಎಂಬ ಊರಿನಲ್ಲಿ ಬಾಳಿದ ವಿಲಿಯಂ ಆಡಿಸನ್ ಡ್ವಿಗ್ಗಿನ್ಸ್ (1880–1956) ಮೂಲತಃ ಒಹಾಯೊದವರು. ಜಾಹೀರಾತು ವಿನ್ಯಾಸದಲ್ಲಿ ಹೆಸರು, ಹಣ ಎರಡನ್ನೂ ಗಳಿಸಿದ್ದ ಅವರಿಗೆ ನಲವತ್ತು ದಾಟಿದಾಗ ಮಧುಮೇಹ ಪತ್ತೆಯಾಯಿತು. ಟೊರಾಂಟೊದಲ್ಲಿ ಮೊದಲ ರೋಗಿಗೆ ಇನ್ಸುಲಿನ್ ನೀಡಿದ್ದು 1922ರಲ್ಲಿ; ಐದಾರು ವರ್ಷ ಮೊದಲೇ ರೋಗ ತಗುಲಿದ್ದರೆ ಅವರು ಬದುಕುಳಿಯುತ್ತಿದ್ದುದು ಸಂಶಯ ಎಂದು ವೈದ್ಯನಾದ ನನಗೆ ಅನಿಸುತ್ತದೆ. ಆಯುಷ್ಯದ ಬೆಲೆಯರಿತ ಅವರು ಜಾಹೀರಾತಿನ ಸಂಪಾದನೆಯಿಂದ ಹಿಂದೆ ಸರಿದು, ಮನಮೆಚ್ಚಿದ ಪುಸ್ತಕ ವಿನ್ಯಾಸಕ್ಕೆ ತಿರುಗಿದರು. ನಾಫ್ ಪ್ರಕಾಶನಕ್ಕೆ ನೂರಾರು ಪುಸ್ತಕಗಳನ್ನು ರೂಪಿಸಿದರು. ಬಿಟ್ಟುಬಂದ ವೃತ್ತಿಯ ಪುಟವಿನ್ಯಾಸದ ಬಗೆಗೇ 1928ರಲ್ಲಿ ಗ್ರಂಥ ಬರೆದದ್ದು ಸೋಜಿಗ! ಲೈನೋಟೈಪ್ ಯಂತ್ರಕ್ಕೆ ಮೆಟ್ರೊ, ಎಲೆಕ್ಟ್ರಾ, ಕ್ಯಾಲೆಡೋನಿಯಾ ಅಚ್ಚಕ್ಷರಗಳನ್ನು ವಿನ್ಯಾಸಗೊಳಿಸಿದರು. ಸೂತ್ರದ ಗೊಂಬೆಗಳನ್ನೂ ತಾವೇ ಕೆತ್ತಿ ಆಡಿಸುತ್ತಿದ್ದರು. ಒರಟಾಗಿ ಕೆತ್ತಿದ ಗೊಂಬೆಯ ಮುಖ ದೂರದ ಪ್ರೇಕ್ಷಕನಿಗೆ ಮೃದುವಾಗಿ ತೋರುವುದನ್ನು ಗಮನಿಸಿ, ಅದೇ ತಂತ್ರವನ್ನು ಪುಟ್ಟ ಅಕ್ಷರಗಳಿಗೂ ಅಳವಡಿಸಿದರು.