ವಿದ್ಯೆಗೆ ದುಡಿಮೆಯನ್ನು ಜೋಡಿಸಿದ ವಿಶ್ವೇಶ್ವರಯ್ಯ



ಒಮ್ಮೆ ನಮ್ಮ ಶಾಲೆಯ ಮಕ್ಕಳನ್ನು ಗೋಕರ್ಣದ ಓಂ ಬೀಚಿಗೆ ಪ್ರವಾಸ ಕರೆದುಕೊಂಡು ಹೋಗಿದ್ದೆವು. ಪ್ರವಾಸಿಗರನ್ನು ದೋಣಿಯಲ್ಲಿ ಸುತ್ತಾಡಿಸಿ ಸಂಪಾದಿಸುತ್ತಿದ್ದ ಯುವಕರನ್ನು ಕಂಡ ಹತ್ತನೇ ತರಗತಿಯ ಹುಡುಗನೊಬ್ಬ, ಡಿಗ್ರಿ ಇಲ್ಲದೆಯೂ ಇವರು ದುಡಿಯುತ್ತಿರುವಾಗ ನಾವು ಕಾಲೇಜಿಗೆ ಏಕೆ ಹೋಗಬೇಕು ಎಂದು ಕೇಳಿದ. ಆಗ ನನ್ನ ಬಳಿ ಸರಿಯಾದ ಉತ್ತರವಿರಲಿಲ್ಲ. ಆ ಉತ್ತರವನ್ನು ನಾನು ಸರ್ ಎಂ. ವಿಶ್ವೇಶ್ವರಯ್ಯನವರ ಜೀವನದಲ್ಲಿ ಹುಡುಕಿದೆ. ಅದನ್ನೇ ನಿಮ್ಮ ಮುಂದಿಡುತ್ತಿದ್ದೇನೆ.

ಅವರು 1861ರಲ್ಲಿ ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುವಾಗ ಮಕ್ಕಳಿಗೆ ಮನೆಪಾಠ ಹೇಳಿ ಖರ್ಚು ನೀಗಿಸಿಕೊಂಡರು. 1881ರಲ್ಲಿ ಬಿ.ಎ. ಪಾಸಾದ ಮೇಲೆ ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಪುಣೆಗೆ ಹೋಗಿ ಎಂಜಿನಿಯರ್ ಆದರು. ಈ ಮಾತನ್ನು ನೆನಪಿನಲ್ಲಿಡಿ. ಸಾರ್ವಜನಿಕರ ಹಣವೇ ಒಬ್ಬ ಬಡ ಹುಡುಗನನ್ನು ಮೇಲೆತ್ತಿತು.

ಮುಂಬಯಿ ಸರ್ಕಾರದಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿ, 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆದರು. 1912ರಲ್ಲಿ ದಿವಾನರಾದರು. ಸಂಸ್ಥಾನದ ಆದಾಯ ಸೀಮಿತ, ಆಗಬೇಕಾದ ಕೆಲಸಗಳು ಅಪಾರ. ಕೇವಲ ಗುಮಾಸ್ತರನ್ನು ತಯಾರು ಮಾಡುವ ಶಿಕ್ಷಣ ಸಾಲದು, ಓದಿದವನು ಹೊಸ ಉದ್ಯೋಗವನ್ನು ಸೃಷ್ಟಿಸಬೇಕು, ಆ ಉದ್ಯೋಗದ ಆದಾಯ ಮತ್ತೆ ಶಿಕ್ಷಣಕ್ಕೆ ಒದಗಬೇಕು ಎಂಬುದು ಅವರ ನಂಬಿಕೆಯಾಗಿತ್ತು. 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ವಾಣಿಜ್ಯ ಮಂಡಳಿ, ಅದೇ ವರ್ಷ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಹೀಗೆ ಒಂದರ ಹಿಂದೆ ಒಂದು ಆರಂಭವಾದವು. ಬಂಡವಾಳ, ವ್ಯಾಪಾರ, ವಿದ್ಯೆ ಮೂರೂ ಜೊತೆಜೊತೆಗೆ ಬೆಳೆದವು. ನಮ್ಮ ಭಟ್ಕಳದಲ್ಲಿ ಬಂದರು ಕಟ್ಟಿ ಮೈಸೂರಿಗೆ ಸಮುದ್ರದ ದಾರಿ ತೆರೆಯುವ ಆಲೋಚನೆಯೂ ಅವರಿಗಿತ್ತು. ಅದು ಕೈಗೂಡಲಿಲ್ಲ.

ಗಂಧದೆಣ್ಣೆಯ ಕಥೆಯನ್ನು ನೋಡಿ. ಮೈಸೂರಿನ ಶ್ರೀಗಂಧದ ಮರ ಹೆಚ್ಚಾಗಿ ಹೊರದೇಶಕ್ಕೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ವ್ಯಾಪಾರ ನಿಂತು ಮರ ಇಲ್ಲೇ ಉಳಿಯಿತು. ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವ್ಯಾಟ್ಸನ್ ಪ್ರಯೋಗಾಲಯದಲ್ಲಿ ಎಣ್ಣೆ ತೆಗೆದು ತೋರಿಸಿದರು. 1916ರಲ್ಲಿ ಸರ್ಕಾರ ಕಾರ್ಖಾನೆಯನ್ನೇ ಆರಂಭಿಸಿತು. ಎಸ್.ಜಿ. ಶಾಸ್ತ್ರಿ ಎಂಬ ಯುವ ರಸಾಯನಶಾಸ್ತ್ರಜ್ಞರು ಇಂಗ್ಲೆಂಡಿನಲ್ಲಿ ಸಾಬೂನು ತಯಾರಿಕೆ ಕಲಿತು ಬಂದರು. ಮೈಸೂರ್ ಸ್ಯಾಂಡಲ್ ಸೋಪು ಹುಟ್ಟಿದ್ದು ಹೀಗೆ. ಉದ್ಯಮಶೀಲ ವಿಶ್ವವಿದ್ಯಾಲಯ ಎಂದು ಇಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದರ ತಿರುಳು ಇಷ್ಟೇ. ಫೀಸು ಏರಿಸುವುದು, ಸೀಟು ಮಾರುವುದು ಅದರ ಅರ್ಥವಲ್ಲ. ಊರಿನ ಸಂಪತ್ತು ಪ್ರಯೋಗಾಲಯಕ್ಕೆ ಬಂದು, ಉದ್ಯೋಗವಾಗಿ ಊರಿಗೆ ಮರಳಬೇಕು.

ಆದರೆ ಓದುಗರೇ, ಈ ಜೀವನಕ್ಕೆ ಇನ್ನೊಂದು ಮುಖವೂ ಇದೆ. ಹಿಂದುಳಿದ ಸಮುದಾಯಗಳಿಗೆ ಸರ್ಕಾರಿ ಸೇವೆಯಲ್ಲಿ ಪಾಲು ಕೊಡುವ ಬಗ್ಗೆ ಮಹಾರಾಜರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಮುಸ್ಲಿಮರೂ ಆ ಸಮುದಾಯಗಳಲ್ಲಿ ಸೇರಿದ್ದರು. ಅರ್ಹತೆ ಕುಗ್ಗುತ್ತದೆ ಎಂದು ವಿಶ್ವೇಶ್ವರಯ್ಯನವರು ಒಪ್ಪಲಿಲ್ಲ. ಅದೇ ವರ್ಷದ ಕೊನೆಗೆ ಅವರು ದಿವಾನಗಿರಿ ಬಿಡಲು ಇದೂ ಒಂದು ಕಾರಣವೆಂದು ಇತಿಹಾಸಕಾರರು ಹೇಳುತ್ತಾರೆ. 1921ರಲ್ಲಿ ಮೀಸಲಾತಿಯ ಆದೇಶ ಹೊರಬಿತ್ತು. ಅವರನ್ನು ಗೌರವಿಸುತ್ತಲೇ ನಾವು ಇದನ್ನು ಹೇಳಬೇಕು. ವಿದ್ಯಾರ್ಥಿವೇತನದ ಬಾಗಿಲಿನಿಂದ ಒಳಬಂದವರಿಗೆ ಉಳಿದವರು ನಿಂತಿದ್ದ ಬಾಗಿಲು ಕಾಣಲಿಲ್ಲ. ವಿಶ್ವವಿದ್ಯಾಲಯ ಎಷ್ಟೇ ಉದ್ಯಮಶೀಲವಾಗಲಿ, ಅದರ ಬಾಗಿಲು ಎಲ್ಲರಿಗೂ ತೆರೆದಿರದಿದ್ದರೆ ಅದು ಸಾರ್ವಜನಿಕ ಸಂಸ್ಥೆಯಾಗಿ ಉಳಿಯುವುದಿಲ್ಲ.

ಆದರೂ ಅವರು ತಮಗಾಗಿ ಏನನ್ನೂ ಕೂಡಿಡಲಿಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಸೇವೆಗೆ ಬರಬೇಕಿದ್ದ ಹಣವನ್ನು ವೃತ್ತಿ ಶಿಕ್ಷಣಕ್ಕೆ ಬಿಟ್ಟುಕೊಟ್ಟರು. 1943ರಲ್ಲಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ವೃತ್ತಿ ಶಿಕ್ಷಣ ಸಂಸ್ಥೆ ತಲೆ ಎತ್ತಿತು. 1955ರಲ್ಲಿ ಭಾರತರತ್ನ ಪಡೆದು, 1962ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು.

ಈಗ ಓಂ ಬೀಚಿನ ಹುಡುಗನ ಪ್ರಶ್ನೆಗೆ ಬರೋಣ. ದೋಣಿಯವನ ದುಡಿಮೆಯನ್ನು ಕೀಳಾಗಿ ಕಾಣಬೇಡಿ. ಆದರೆ ಅವನ ಸಂಪಾದನೆ ಮಳೆಗಾಲದಲ್ಲಿ ನಿಲ್ಲುತ್ತದೆ. ಮೀನು ಕೆಡದಂತೆ ಇಡುವುದು, ತೆಂಗಿನ ನಾರಿಗೆ ಮಾರುಕಟ್ಟೆ ಹುಡುಕುವುದು, ದೋಣಿಯ ಎಂಜಿನ್ ಸುಧಾರಿಸುವುದು ಇವೆಲ್ಲ ಓದಿದವರ ಕೆಲಸ. ಕರ್ನಾಟಕ ವಿಶ್ವವಿದ್ಯಾಲಯದ ಸಾಗರ ಜೀವಶಾಸ್ತ್ರ ವಿಭಾಗ ನಮ್ಮ ಕಾರವಾರದಲ್ಲೇ ಇದೆ. ವ್ಯಾಪಾರ ನಮ್ಮ ಹಿರಿಯರ ರಕ್ತದಲ್ಲಿದೆ. ಅದಕ್ಕೆ ವಿದ್ಯೆಯನ್ನು ಜೋಡಿಸುವುದಷ್ಟೇ ಬಾಕಿ. ಇಲ್ಮ್ ಮತ್ತು ಹುನರ್ ಎರಡೂ ಒಂದೇ ಕೈಯಲ್ಲಿರಲಿ. ಆ ಕೈ ಹಿಂದುಳಿದ ಇನ್ನೊಬ್ಬನನ್ನು ಮೇಲೆತ್ತಲಿ. ಹೆಚ್ಚಿನ ಸೌಲಭ್ಯವುಳ್ಳ ಸದಸ್ಯರು ಒಬ್ಬ ಬಡ ವಿದ್ಯಾರ್ಥಿಯ ಖರ್ಚು ವಹಿಸಿಕೊಂಡರೂ ಈ ಲೇಖನ ಸಾರ್ಥಕ.