ಟಿಪ್ಪು ಸುಲ್ತಾನನ ಹುಳು, ಶಿಡ್ಲಘಟ್ಟದ ರೀಲು, ನಮ್ಮ ಕಪಾಟು

ಸ್ಕಂದಗಿರಿ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಬೆಳಗಿನ ಜಾವದ ಟ್ರೆಕ್, ಕಾಲ ಕೆಳಗೆ ತೇಲೋ ಮೋಡ, ಆಮೇಲೆ ಸ್ಟೇಟಸ್‌ಗೆ ಹಾಕೋ ರೀಲ್ಸ್. ಆದರೆ ಬೆಟ್ಟದ ಸುತ್ತಲಿನ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಕಡೆ ರೀಲಿಂಗ್ ಅಂದ್ರೆ ಅರ್ಥವೇ ಬೇರೆ. ರೇಷ್ಮೆ ಗೂಡನ್ನು ಬಿಸಿನೀರಲ್ಲಿ ಬೇಯಿಸಿ ನೂಲು ಬಿಚ್ಚೋ ಕೆಲಸಕ್ಕೆ ಅಲ್ಲಿ ಆ ಹೆಸರು. ಈ ಕಸುಬಿಗೆ ಮೈಸೂರು ಸೀಮೆಯಲ್ಲಿ ಬೇರು ಕೊಟ್ಟವನು ಟಿಪ್ಪು ಸುಲ್ತಾನ್. ಅವನ ಬದುಕನ್ನು ಈ ಸಲ ಕತ್ತಿಯ ಕಡೆಯಿಂದ ಬಿಟ್ಟು, ಬಟ್ಟೆಯ ಕಡೆಯಿಂದ ನೋಡೋಣ.

ಟಿಪ್ಪು ಹುಟ್ಟಿದ್ದು 1750ರ ನವೆಂಬರ್‌ನಲ್ಲಿ, ಇಲ್ಲಿಗೆ ಹತ್ತಿರದ ದೇವನಹಳ್ಳಿಯಲ್ಲಿ. ತಂದೆ ಹೈದರ್ ಅಲಿಯ ಜೊತೆ ಹದಿಹರೆಯದಲ್ಲೇ ಯುದ್ಧಭೂಮಿ ನೋಡಿದ. 1782ರ ಡಿಸೆಂಬರ್‌ನಲ್ಲಿ ಹೈದರ್ ತೀರಿಕೊಂಡಾಗ, 32 ವರ್ಷದ ಟಿಪ್ಪು ಕೈಗೆ ರಾಜ್ಯವೂ ಬಂತು, ಇಂಗ್ಲಿಷ್ ಕಂಪನಿಯ ಜೊತೆಗಿನ ಯುದ್ಧವೂ ಬಂತು. ಯುದ್ಧಕ್ಕೆ ದುಡ್ಡು ಬೇಕು, ದುಡ್ಡಿಗೆ ವ್ಯಾಪಾರ ಬೇಕು. ಗಂಧ, ಮೆಣಸು ಹೊರಗೆ ಕಳಿಸೋಕೆ ಮಸ್ಕತ್‌ನಲ್ಲಿ ಕೋಠಿ ಇಟ್ಟ.

ರೇಷ್ಮೆ ಬಂದದ್ದೂ ಇದೇ ಲೆಕ್ಕಾಚಾರದಲ್ಲಿ. ಮಸ್ಕತ್ ಕಡೆಯಿಂದ ಹುಳು ತರಿಸೋಕೆ ನೋಡಿದ. ಬಂಗಾಳಕ್ಕೂ ತನ್ನ ಜನರನ್ನ ಕಳಿಸಿದ. 1786ರಲ್ಲಿ ಅವರು ವಾಪಸ್ ಬರುವಾಗ, ಹುಳು ಸಾಕೋದಕ್ಕೆ ಶ್ರೀರಂಗಪಟ್ಟಣದಲ್ಲಿ ಜಾಗ ಸಿದ್ಧಮಾಡಲು ಅಲ್ಲಿನ ಕಿಲ್ಲೇದಾರನಿಗೆ ಪತ್ರ ಬರೆದ. ಹಿಪ್ಪುನೇರಳೆ ಬೆಳೆಸಿ ಹುಳು ಸಾಕೋಕೆ ರಾಜ್ಯದಲ್ಲಿ 21 ಕೇಂದ್ರಗಳನ್ನ ಗೊತ್ತುಮಾಡಿದ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಬಟ್ಟೆಯ ಸಪ್ಲೈ ಚೈನ್ ಮನೆಯಿಂದಲೇ ಶುರುವಾಗಲಿ ಅನ್ನೋ ಪ್ಲಾನ್.

ಆದರೆ ಟಿಪ್ಪು ಅಂದ್ರೆ ರೇಷ್ಮೆ ಒಂದೇ ಅಲ್ಲ. ಕೊಡಗು, ಮಲಬಾರಿನ ಜನರಿಗೆ ಅವನ ದಂಡಯಾತ್ರೆ ಕೊಟ್ಟ ನೋವು ದೊಡ್ಡದು. ಅವನ ಬಗ್ಗೆ ಇವತ್ತಿಗೂ ಜಗಳ ನಿಂತಿಲ್ಲ. ರೇಷ್ಮೆ ನೆನೆಯೋಕೆ ಅದನ್ನ ಮರೆಯಬೇಕಾಗಿಲ್ಲ. ಯುದ್ಧ ಅವನನ್ನೂ ಬಿಡಲಿಲ್ಲ. 1791ರ ಅಕ್ಟೋಬರ್‌ನಲ್ಲಿ ಸ್ಕಂದಗಿರಿಯ ಪಕ್ಕದ ನಂದಿದುರ್ಗ ಇಂಗ್ಲಿಷರ ಪಾಲಾಯ್ತು. 1792ರ ಒಪ್ಪಂದದಲ್ಲಿ ಅರ್ಧ ರಾಜ್ಯ ಹೋಯ್ತು, ಇಬ್ಬರು ಮಕ್ಕಳು ಒತ್ತೆಯಾಳುಗಳಾದರು. 1799ರ ಮೇ 4ರಂದು ಶ್ರೀರಂಗಪಟ್ಟಣದಲ್ಲಿ ಹೋರಾಡುತ್ತಲೇ ಸತ್ತ.

ರಾಜ ಹೋದ, ಹುಳು ಉಳಿಯಿತು. ಹತ್ತೊಂಬತ್ತನೇ ಶತಮಾನದಲ್ಲಿ ರೋಗ ಬಂದು ಕಸುಬು ನೆಲಕಚ್ಚಿತ್ತು. 1890ರ ದಶಕದಲ್ಲಿ ಜಮ್‌ಷೆಡ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನೀ ಪದ್ಧತಿಯ ರೇಷ್ಮೆ ಫಾರಂ ಮಾಡಿದರು. 1912ರಲ್ಲಿ ಮೈಸೂರಿಗೆ ರೇಷ್ಮೆ ಕಾರ್ಖಾನೆ ಬಂತು. ಇವತ್ತು ದೇಶದಲ್ಲಿ ಹೆಚ್ಚು ಕಚ್ಚಾ ರೇಷ್ಮೆ ಕೊಡೋ ರಾಜ್ಯ ಕರ್ನಾಟಕ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲಿ ಒಂದು.

ಸರಿ, ರೇಷ್ಮೆ ಪರಿಸರಸ್ನೇಹಿಯಾ? ಒಂದು ಕಡೆ ನೋಡಿದ್ರೆ ಏನೂ ವೇಸ್ಟ್ ಆಗಲ್ಲ. ಹುಳದ ಹಿಕ್ಕೆ ಗೊಬ್ಬರ, ಸೊಪ್ಪು ತಿಂದು ಉಳಿದ ಕಡ್ಡಿ ಸೌದೆ, ನೂಲು ಬಿಚ್ಚಿದ ಮೇಲಿನ ಕೋಶ ಮೀನಿಗೂ ಕೋಳಿಗೂ ಮೇವು. ಸೀರೆ ಅಜ್ಜಿಯಿಂದ ಮೊಮ್ಮಗಳವರೆಗೆ ಬರುತ್ತೆ. ಇನ್ನೊಂದು ಕಡೆ, ಗೂಡಿನೊಳಗಿನ ಜೀವ ಬೇಯಲೇಬೇಕು, ಬೇಯಿಸೋಕೆ ಉರಿ ಬೇಕು, ಹಿಪ್ಪುನೇರಳೆಗೆ ನೀರು ಬೇಕು. ವರ್ಷವಿಡೀ ಹರಿಯೋ ನದಿ ಇಲ್ಲದ ಈ ಜಿಲ್ಲೆಯಲ್ಲಿ ನೀರು ಅಂದ್ರೆ ಆಳದ ಬೋರ್‌ವೆಲ್. ಬೆಂಗಳೂರಿನ ಕೊಳಚೆ ನೀರನ್ನೇ ಸಂಸ್ಕರಿಸಿ ಇಲ್ಲಿನ ಕೆರೆಗಳಿಗೆ ತುಂಬಿಸೋ ಪರಿಸ್ಥಿತಿ. ಹನಿ ನೀರಾವರಿ, ಸೋಲಾರ್ ಬಿಸಿನೀರು, ಕಡಿಮೆ ಸೌದೆಯ ಒಲೆ — ಇವೆಲ್ಲ ಎಂಜಿನಿಯರಿಂಗ್ ಪ್ರಶ್ನೆಗಳೇ. ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಟಾಪಿಕ್ ಹುಡುಕ್ತಾ ಇರೋರು ಒಮ್ಮೆ ಶಿಡ್ಲಘಟ್ಟದ ಬಸ್ ಹತ್ತಬಹುದು.

ಉತ್ಪಾದನೆ ರೈತರದ್ದು, ರೀಲರ್‌ಗಳದ್ದು. ಬಳಕೆ ಮಾತ್ರ ನಮ್ಮದು. ಪ್ರತಿ ಫೆಸ್ಟಿಗೂ ಒಂದು ಹೊಸ ಟಿ-ಶರ್ಟ್ ಬರುತ್ತೆ, ಎರಡು ದಿನ ಹಾಕ್ತೀವಿ, ಮೂರನೇ ದಿನ ಅದು ಬೈಕ್ ಒರೆಸೋ ಬಟ್ಟೆ. ಅದರಲ್ಲಿರೋ ಪಾಲಿಯೆಸ್ಟರ್ ಪೆಟ್ರೋಲಿಯಂನಿಂದ ಬಂದದ್ದು, ಮಣ್ಣಲ್ಲಿ ಬೇಗ ಕರಗಲ್ಲ. ಒಂದು ಹುಳು ಹೆಚ್ಚುಕಡಿಮೆ ಒಂದು ತಿಂಗಳು ತಿಂದು, ನಾಲ್ಕು ಸಲ ಪೊರೆ ಬಿಟ್ಟು, ನೂರಾರು ಮೀಟರ್ ನೂಲು ಸುತ್ತುತ್ತೆ. ಅಷ್ಟು ಶ್ರಮದ ಸೀರೆಯನ್ನ ಮನೆಯವರು ನಾಫ್ತಲಿನ್ ಗುಳಿಗೆ ಇಟ್ಟು ಕಾಪಾಡ್ತಾರೆ. ಆ ಕಾಳಜಿಯಲ್ಲಿ ಕಾಲು ಭಾಗ ನಮ್ಮ ಟಿ-ಶರ್ಟಿಗೂ ಸಿಗಲಿ. ಮುಂದಿನ ಸಲ ಸ್ಕಂದಗಿರಿ ಹತ್ತುವಾಗ ಹಳೇ ಟಿ-ಶರ್ಟೇ ಸಾಕು. ಮೋಡ ಸರಿದ ಮೇಲೆ ಕೆಳಗೆ ಕಾಣೋ ಹಿಪ್ಪುನೇರಳೆ ತೋಟಗಳನ್ನೂ ಒಮ್ಮೆ ನೋಡಿ ಬರೋಣ.